ಪಲಾಶಿ ಕಾಳಗ, ಮಧ್ಯಾಹ್ನದವರೆಗೆ

೧

ಎಲ್ಲಿಂದ ಶುರು ಮಾಡಲಿ? ನಿಮ್ಮನ್ನೇ ಕೇಳುತ್ತಿದ್ದೇನೆ. ಫಿರಂಗಿಯಿಂದ ಶುರು ಮಾಡಿದರೆ ಇದು ಐತಿಹಾಸಿಕ ಕಥೆ ಎಂದುಕೊಂಡು ನೀವು ಬೆನ್ನು ನೆಟ್ಟಗೆ ಮಾಡಿ ಕೂರುತ್ತೀರಿ. ಸಾಂಬಾರಿನಿಂದ ಶುರು ಮಾಡಿದರೆ ಹಸಿವಾಗಿ ಎದ್ದು ಹೋಗುತ್ತೀರಿ. ಮಳೆಯಿಂದ ಶುರು ಮಾಡೋಣವೆಂದರೆ, ಮಳೆಯಿಂದ ಶುರುವಾಗುವ ಕಥೆಗಳನ್ನು ನೀವು ಸಾಕಷ್ಟು ಓದಿದ್ದೀರಿ. ನಾನೂ ಸಾಕಷ್ಟು ಬರೆದಿದ್ದೇನೆ. ಅಲ್ಲದೆ ಈ ಕಥೆಯಲ್ಲಿ ಮಳೆ ಬರುವುದು ಮಧ್ಯಾಹ್ನಕ್ಕೆ. ಅದಕ್ಕಿಂತ ಮೊದಲು ಅದನ್ನು ಕರೆಸುವ ಅಧಿಕಾರ ನನಗಿಲ್ಲ. ಇತಿಹಾಸದಲ್ಲಿ ಹಾಗೇ ಇದೆ.

ಮೊದಲ ಡ್ರಾಫ್ಟು ಹೀಗಿತ್ತು: 'ಸಾವಿರದ ಏಳುನೂರ ಐವತ್ತೇಳನೆಯ ಇಸವಿಯ ಜೂನ್ ತಿಂಗಳು. ಭಾಗೀರಥಿಯ ದಂಡೆಯ ಮಾವಿನ ತೋಪಿನಲ್ಲಿ ಎಲೆಯೊಂದು ಅಲುಗಿತು…' ಇಷ್ಟು ಬರೆದು ನಿಲ್ಲಿಸಿದೆ. ಆ ತೋಪನ್ನು ನಾನು ಕಂಡಿಲ್ಲ. ಹೋಗಿ ನೋಡೋಣವೆಂದರೆ ಅದರ ಬಹುಪಾಲನ್ನು ಹೊಳೆ ಕೊಚ್ಚಿಕೊಂಡು ಹೋಗಿದೆಯಂತೆ. ಕೈಯಲ್ಲಿ ಮುಟ್ಟದ ಮರದ ಎಲೆಯನ್ನು ಅಲುಗಿಸುವ ಧೈರ್ಯ ನನಗೆ ಬರಲಿಲ್ಲ. (ಹೊಲದ ಬದುವಿನ ಮೇಲೆ ನಡೆದಷ್ಟೇ ನಿಧಾನಕ್ಕೆ ಬರೆಯುವವನು ನಾನು. ಯುದ್ಧದ ಕಥೆಗೆ ಈ ವೇಗ ಸಾಲದು ಎಂದು ಅನ್ನಿಸಿದರೆ ಈಗಲೇ ಹೇಳಿಬಿಡಿ.)

ಆದ್ದರಿಂದ ಕಂಡದ್ದನ್ನು ಬರೆಯುತ್ತೇನೆ. ಕೊಲ್ಕತ್ತಾದ ಲೇಕ್ ಮಾರ್ಕೆಟ್ಟಿನ ಪಕ್ಕದ ಗಲ್ಲಿ. ಬಾಳೆಎಲೆ, ಕರಿಬೇವು, ನುಗ್ಗೆಕಾಯಿ ಇಟ್ಟುಕೊಂಡ ಬುಟ್ಟಿಗಳು. ಅವುಗಳ ಹಿಂದೆ ಅರ್ಧ ಇಳಿಸಿದ ಒಂದು ಷಟರು.

೨

ಷಟರು ಹಯವದನರ ಹೋಟೆಲಿನದು. ಹಯವದನರು ಉಡುಪಿ ಕಡೆಯವರು. ಹೋಟೆಲು ಚಿಕ್ಕದು, ಕೇಟರಿಂಗು ದೊಡ್ಡದು. ಭಾನುವಾರ ಊಟದ ಗಿರಾಕಿಗಳು ಎದ್ದ ಮೇಲೆ, ಸಂಜೆಗೆ ದೋಸೆಕಲ್ಲು ಕಾಯುವ ತನಕ, ಆ ಷಟರು ಹಾಗೆ ಅರ್ಧಕ್ಕೆ ನಿಂತಿರುತ್ತದೆ. ಅದರಡಿಯಲ್ಲಿ ಬಗ್ಗಿ ಒಳಗೆ ಬರುವವರೆಲ್ಲ ಇತಿಹಾಸದ ಹುಚ್ಚಿನವರು. ಪಾಣಿಪತ್ತು, ರಕ್ಕಸತಂಗಡಿ, ಶ್ರೀರಂಗಪಟ್ಟಣ, ಯಾವುದನ್ನೂ ಬಿಟ್ಟವರಲ್ಲ. ಅಳಿಯ ರಾಮರಾಯ ಆ ವಯಸ್ಸಿನಲ್ಲಿ ಪಲ್ಲಕ್ಕಿ ಬಿಟ್ಟು ಕುದುರೆ ಹತ್ತಬೇಕಿತ್ತೇ ಎಂಬ ಒಂದೇ ಮಾತಿಗೆ ಎಷ್ಟೋ ಲೋಟ ಕಾಫಿ ಆರಿಹೋದದ್ದುಂಟು.

ಬರೀ ಚರ್ಚೆ ಮಾಡಿದರೆ ಜಗಳವಾಗುತ್ತದೆಂದು ಹಯವದನರು ಊರಿನ ತಾಳಮದ್ದಳೆಯ ಕ್ರಮವನ್ನು ಇಲ್ಲಿಗೆ ತಂದರು. (ಘಟ್ಟದ ಮೇಲಿನ ಓದುಗರಿಗಾಗಿ: ಯಕ್ಷಗಾನದಿಂದ ವೇಷವನ್ನೂ ಕುಣಿತವನ್ನೂ ಕಳೆದರೆ ಉಳಿಯುವುದೇ ತಾಳಮದ್ದಳೆ. ಭಾಗವತರು ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ವಾದಿಸುತ್ತಾರೆ. ಬರೆದುಕೊಂಡ ಮಾತಿಲ್ಲ. ಕಥೆಯ ಕೊನೆ ಎಲ್ಲರಿಗೂ ಗೊತ್ತು, ಅದನ್ನು ಬದಲಿಸುವಂತಿಲ್ಲ. ಆದರೆ ಯುದ್ಧದಲ್ಲಿ ಸೋಲುವವನು ಮಾತಿನಲ್ಲಿ ಗೆಲ್ಲಬಹುದು. ಅದಕ್ಕೇ ಜನ ಬರುವುದು.) ಮದ್ದಳೆ ಬಾರಿಸುವವರು ಲೇಕ್ ಮಾರ್ಕೆಟ್ಟಿನಲ್ಲಿ ಸಿಗದ ಕಾರಣ ತಾಳವೊಂದರಲ್ಲೇ ಸುಧಾರಿಸುತ್ತಾರೆ. ತಾಳ ಇರುವುದು ಹಯವದನರ ಹೆಂಡತಿ ಪ್ರಫುಲ್ಲಾ ಅವರ ಕೈಯಲ್ಲಿ. ಭಾಗವತರು ಅವರೇ, ಪದ್ಯ ಕಟ್ಟುವವರೂ ಅವರೇ.

ವರ್ಷದ ದೊಡ್ಡ ಕೂಟ ಜೂನ್ ತಿಂಗಳಲ್ಲಿ. ಪ್ರಸಂಗ 'ಪಲಾಶಿ ಕಾಳಗ'. ನಾವು ಶಾಲೆಯಲ್ಲಿ ಪ್ಲಾಸಿ ಎಂದು ಓದಿದ್ದು ಇಲ್ಲಿಯವರಿಗೆ ಪಲಾಶಿ. ನವಾಬ ಸಿರಾಜುದ್ದೌಲ ಹಯವದನರೇ. ಹೆಗಲ ಮೇಲಿನ ಬೈರಾಸು ತಲೆಗೆ ಸುತ್ತಿದರೆ ಪೇಟ ಆಯಿತು. ಧಾರವಾಡದ ಶಂಕರಲಿಂಗ ಅವರು ಕ್ಲೈವ್. ಸೆಣಬಿನ ಕಂಪನಿಯೊಂದರಲ್ಲಿ ದುಡಿದು ಇಲ್ಲಿಯೇ ಉಳಿದವರು, ಸದಾ ಫ್ಯಾನಿನ ಕೆಳಗಿನ ಜಾಗ ಹಿಡಿಯುತ್ತಾರೆ. ಅದೇ ಇಂಗ್ಲಿಷರು ಬೀಡುಬಿಟ್ಟ ಮಾವಿನ ತೋಪು. ಇನ್ನು, ನವಾಬನ ಸೇನಾಪತಿಯಾಗಿದ್ದೂ ಯುದ್ಧದಲ್ಲಿ ಕೈಕಟ್ಟಿ ನಿಂತ ಮೀರ್ ಜಾಫರ್. ಈ ಊರಿನಲ್ಲಿ ಆ ಹೆಸರು ಬೈಗುಳ. ಬೀದಿಯಲ್ಲಿ ಆ ಹೆಸರಿಟ್ಟು ಕರೆದರೆ ಕೊರಳಪಟ್ಟಿ ಹಿಡಿಯುತ್ತಾರೆ. ಆ ಪಾತ್ರವನ್ನು ಕೇಳಿ ತೆಗೆದುಕೊಂಡವರು ಮೈಸೂರಿನ ಬದರಿನಾಥ ಮೇಷ್ಟ್ರು. ಇಲ್ಲಿನ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಹೇಳಿ ನಿವೃತ್ತರಾದವರು.

ಮೇಷ್ಟ್ರ ವಾದ ಪ್ರತಿ ವರ್ಷವೂ ಒಂದೇ. ಮಧ್ಯಾಹ್ನ ಮಳೆ ಬಂತು. ನವಾಬನ ಕಡೆಯ ಕೋವಿಮದ್ದು ನೆನೆಯಿತು. ನೆನೆದ ಮದ್ದು ಹಿಡಿದು ಫಿರಂಗಿಯ ಬಾಯಿಗೆ ಸೈನಿಕರನ್ನು ನೂಕುವವನು ಸೇನಾಪತಿಯಲ್ಲ, ಕಟುಕ. ನಿಂತೆ, ನಿಂತು ಸಾವಿರಾರು ತಾಯಂದಿರ ಮಕ್ಕಳನ್ನು ಉಳಿಸಿದೆ. ಮದ್ದಿನೊಳಗಿನ ಪೆಟ್ಲುಪ್ಪು ನೀರು ಕುಡಿದರೆ ಏನಾಗುತ್ತದೆಂಬಲ್ಲಿಂದ ತಾಯಿಯ ಕರುಳಿನವರೆಗೆ ಅವರು ಏರುವ ಆ ಮಾತಿಗೆ ಎದುರು ಕೂತವರು ಬಾಯಿ ಮುಚ್ಚಿ ಕೂರುತ್ತಾರೆ. ಪಲಾಶಿಯಲ್ಲಿ ಗೆದ್ದದ್ದು ಕ್ಲೈವ್ ಎಂದು ನೀವು ಓದಿರಬಹುದು. ಲೇಕ್ ಮಾರ್ಕೆಟ್ಟಿನಲ್ಲಿ ವರ್ಷ ವರ್ಷವೂ ಗೆಲ್ಲುವವನು ಮೀರ್ ಜಾಫರ್.

೩

ಈ ಕಥೆಯಲ್ಲಿ ಪಣಕ್ಕಿಟ್ಟಿರುವುದು ಒಂದು ಸ್ಟೀಲಿನ ಕುರ್ಚಿ. ಮುಚ್ಚುಮರೆ ಯಾಕೆ, ಈಗಲೇ ಹೇಳಿಬಿಡುತ್ತೇನೆ.

ಕೂಟಕ್ಕೊಂದು ಕಟ್ಟುಪಾಡಿದೆ. ತನ್ನ ಸರದಿಯಲ್ಲಿ ಮಾತು ನಿಂತುಹೋದವರ ಮೇಲೆ ಭಾಗವತರು ತಾಳ ಕುಟ್ಟಿ ಮುಂದಿನ ಪದ್ಯ ಎತ್ತುತ್ತಾರೆ. ಪಾತ್ರ ಬಿಟ್ಟು ಹೊರಗಿನ ಮಾತಾಡಿದರೂ ಅಷ್ಟೇ. ತಾಳ ಬಿತ್ತೋ, ಕುರ್ಚಿ ಬಿಟ್ಟು ಏಳಬೇಕು. ಹಾಗೆ ಎರಡು ಸಲ ಎದ್ದವರಿಗೆ ಆಮೇಲೆ ಕುರ್ಚಿಯೇ ಇಲ್ಲ, ಜನ್ಮವಿಡೀ ಕೇಳುಗರು.

ಒಂದು ಸಲ ಎದ್ದವಳು ಸುರಕ್ಷಾ. ಹಯವದನ-ಪ್ರಫುಲ್ಲಾ ಅವರ ಮಗಳು, ಇದೇ ಊರಿನ ಬೆಹಾಲಾ ಬಡಾವಣೆಯ ಫ್ಲ್ಯಾಟಿನಲ್ಲಿ ಬೆಳೆದವಳು, ಈಗ ಯೂನಿವರ್ಸಿಟಿಯಲ್ಲಿ ಇದೇ ನವಾಬರ ಕಾಲದ ಮೇಲೆ ಸಂಶೋಧನೆ ಮಾಡುತ್ತಿರುವವಳು. ಗೆಳತಿಯರೊಡನೆ ಬಂಗಾಳಿ, ಪ್ರಬಂಧಕ್ಕೆ ಇಂಗ್ಲಿಷು. ಕನ್ನಡ ಅವಳ ಕಿವಿಯಲ್ಲಿ ತುಂಬ ಇದೆ, ನಾಲಗೆಯಲ್ಲಿ ಕಡಿಮೆ. ಹಿಂದಿನ ವರ್ಷ ರಕ್ಕಸತಂಗಡಿ ಪ್ರಸಂಗದಲ್ಲಿ ಅವಳಿಗೆ ದೂತನ ಪಾತ್ರ ಕೊಟ್ಟಿದ್ದರು. ಸುದ್ದಿ ತಂದ ದೂತ ಸುದ್ದಿಯ ನಡುವೆ ನಿಂತುಬಿಟ್ಟ. ತಾಯಿಯೇ ತಾಳ ಕುಟ್ಟಿದರು. ಅವಳು ಎದ್ದು ಹೋಗಿ ಕೇಳುಗರ ನಡುವೆ ಕೂತಳು. ಎಲ್ಲರೂ ಅವಳನ್ನು ಬಹಳ ಪ್ರೀತಿಯಿಂದ ನೋಡಿದರು. ಆ ಪ್ರೀತಿಯೇ ತನಗೆ ಸಹಿಸಲಾಗಲಿಲ್ಲ ಎಂದು ಆಮೇಲೆ ನನ್ನಲ್ಲಿ ಹೇಳಿದಳು.

ನಾನು ಕೇಳಿದೆ, ಇಷ್ಟೊಂದು ಕಾಲೇಜು, ಸೆಮಿನಾರು ಇರುವಾಗ ಈ ಅರ್ಧ ಷಟರಿನೊಳಗಿನ ಕುರ್ಚಿಯ ಮೇಲೆ ಯಾಕಿಷ್ಟು ಆಸೆ ಎಂದು.

"ಈ ಟೇಬಲಿನ ಕೆಳಗೇ ಕೂತು ನಾನು ದೊಡ್ಡ ಆದದ್ದು," ಅಂದಳು. "ಮೇಲೆ ಇವರೆಲ್ಲ ಫೈಟ್ ಮಾಡ್ತಿದ್ರು. ಅದು ಕೇಳಿಯೇ ಹಿಸ್ಟರಿ ತಗೊಂಡೆ. ಈಗ ಮೇಲೆ ಬಾ ಅಂತ ಯಾರೂ ಹೇಳುದಿಲ್ಲ, ಅಂಕಲ್. ಬದರಿ ಕಾಕು ಎದುರು ಕೂರ್ಬೇಕು ನನಗೆ. ಅಷ್ಟೇ."

(ಕಾಕು ಎಂದರೆ ಬಂಗಾಳಿಯಲ್ಲಿ ಚಿಕ್ಕಪ್ಪ. ಮೇಷ್ಟ್ರಿಗೆ ಆ ಹೆಸರು ಇಷ್ಟ. ನನ್ನನ್ನು ಮಾತ್ರ ಅಂಕಲ್ ಅನ್ನುತ್ತಾಳೆ. ಕಥೆ ಬರೆಯುವವರ ಮೇಲೆ ನಂಬಿಕೆ ಕಡಿಮೆ.)

ಈ ಸಲ ಅವಳಿಗೆ ಏನು ಕೊಡುವುದೆಂದು ಹಿರಿಯರು ಯೋಚಿಸಿದರು. ಯೋಚನೆಯಲ್ಲಿ ಕೆಟ್ಟತನ ಒಂದಿಷ್ಟೂ ಇರಲಿಲ್ಲ. ಹಯವದನರೇ ದಾರಿ ತೋರಿಸಿದರು. "ಮೀರ್ ಮದನ ಮಾಡ್ಲಿ. ಗುಂಡು ತಾಗಿ ಡೇರೆಗೆ ತರ್ತಾರೆ, ಎರಡು ಮಾತು ಹೇಳಿ ಸಾಯುದು. ಅದಕ್ಕೆ ಎಂತ ಕಷ್ಟ ಉಂಟು?"

ಮೀರ್ ಮದನ ನವಾಬನಿಗೆ ನಿಷ್ಠನಾಗಿ ಕಾದಿದ ಸರದಾರ. ಮಳೆ ನಿಂತ ಮೇಲೆ, ಇಂಗ್ಲಿಷರ ಮದ್ದೂ ನೆನೆದಿರಬೇಕೆಂದು ನಂಬಿ ನುಗ್ಗಿದ. ಅವರ ಮದ್ದು ನೆನೆದಿರಲಿಲ್ಲ, ಟಾರ್ಪಾಲು ಹೊದಿಸಿದ್ದರು. ಪ್ರಸಂಗದಲ್ಲಿ ಅವನ ಪಾಲು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತಿನದು. ಮಾತು ನಿಲ್ಲುವ ಮೊದಲೇ ಪಾತ್ರ ಸತ್ತಿರುತ್ತದೆ. ಕುರ್ಚಿಗೂ ಅಪಾಯವಿಲ್ಲ.

೩ (ಮತ್ತೊಮ್ಮೆ, ಯಾಕೆಂದರೆ ನಾಲ್ಕನ್ನು ಸುರಕ್ಷಾ ಹೊಡೆದು ಹಾಕಿದಳು)

ಹೊಡೆದು ಹಾಕಿದ ನಾಲ್ಕರಲ್ಲಿ ಏನಿತ್ತೆಂದು ನಿಮಗೆ ಹೇಳಲೇಬೇಕು. ನನಗೆ ಅದು ಬಹಳ ಮೆಚ್ಚಿಕೆಯಾಗಿತ್ತು.

ಅದರಲ್ಲಿ ಸುರಕ್ಷಾ ಮೀರ್ ಮದನನಾಗಿ ಕೂರುತ್ತಾಳೆ. ಮಾತು ತಡವರಿಸುತ್ತದೆ. ಒಂದು ಶಬ್ದ, ಒಂದು ನಿಲುಗಡೆ, ಇನ್ನೊಂದು ಶಬ್ದ. ಎಲ್ಲರೂ ಅಯ್ಯೋ ಎನ್ನುತ್ತಾರೆ. ಆಮೇಲೆ ಒಬ್ಬೊಬ್ಬರಿಗೇ ಹೊಳೆಯುತ್ತದೆ: ಗುಂಡು ತಿಂದವನು ಹೀಗೇ ಅಲ್ಲವೇ ಮಾತಾಡುವುದು. ಅವಳ ಹರಕು ಕನ್ನಡವೇ ಸಾಯುವವನ ಉಸಿರಾಗುತ್ತದೆ. ಕೇಳುಗರ ಕಣ್ಣು ಒದ್ದೆಯಾಗುತ್ತದೆ. ಮೇಷ್ಟ್ರು ಎದ್ದು ಬಂದು ತಲೆ ಸವರುತ್ತಾರೆ.

ಚೆನ್ನಾಗಿಲ್ಲವೇ? ನಾನು ಅದನ್ನು ಸುರಕ್ಷಾಗೆ ಓದಿ ಹೇಳಿದೆ. ಹೋಟೆಲಿನ ಮೂಲೆಯ ಟೇಬಲಿನಲ್ಲಿ ಅವಳು ಪೂರ್ತಿ ಕೇಳಿಸಿಕೊಂಡಳು.

"ಎಲ್ಲ ಸರಿ. ಆದರೆ ತಲೆ ಯಾಕೆ ಸವರ್ತಾರೆ?"

ಪ್ರೀತಿಯಿಂದ ಎಂದೆ.

"ಗೆದ್ದವರ ತಲೆ ಸವರುದಿಲ್ಲ ಅಂಕಲ್. ಲಿಂಗ ಕಾಕು ಗೆದ್ದಾಗ ಯಾರು ಸವರಿದ್ರು?"

ಶಂಕರಲಿಂಗ ಅವರ ತಲೆಯಲ್ಲಿ ಸವರಲು ಏನೂ ಉಳಿದಿಲ್ಲ ಎಂದು ತಮಾಷೆ ಮಾಡಿ ತಪ್ಪಿಸಿಕೊಳ್ಳಲು ನೋಡಿದೆ. ಅವಳು ನಗಲಿಲ್ಲ. ಕನ್ನಡ ಬಾರದ್ದಕ್ಕೇ ಬಹುಮಾನ ಕೊಡುವ ಕಥೆ ತನಗೆ ಬೇಡ, ಅದು ಹಿಂದಿನ ವರ್ಷದ ಆ ಪ್ರೀತಿಯ ನೋಟಕ್ಕಿಂತ ಕಡೆ ಎಂದಳು. ಪೆನ್ನು ಕೇಳಿ ಪಡೆದು, ಪುಟದ ಮೇಲಿಂದ ಕೆಳಗೆ ಒಂದು ಗೆರೆ ಎಳೆದಳು.

(ಪಾತ್ರವೊಂದು ಲೇಖಕನ ಪೆನ್ನಿನಿಂದಲೇ ಲೇಖಕನ ಪುಟ ಹೊಡೆಯುವುದು ಆಧುನಿಕೋತ್ತರ ಎಂದು ವಿಮರ್ಶಕರು ಬರೆಯಬಹುದು. ನನಗೆ ಅದು ಪೆನ್ನು ಕೊಟ್ಟದ್ದರ ಫಲ ಎಂದಷ್ಟೇ ಕಾಣುತ್ತದೆ.)

೫

ಇನ್ನೊಂದು ಡ್ರಾಫ್ಟಿನಲ್ಲಿ, ಮೀರ್ ಜಾಫರನನ್ನು ಕೇಳಲೆಂದು ನಾನೇ ಅವಳಿಗೊಂದು ಪ್ರಶ್ನೆಯನ್ನು ಕೊಟ್ಟಿದ್ದೆ. ನಮ್ಮ ಕಡೆ ಕಣದಲ್ಲಿ ರಾಶಿ ಹಾಕಿದ ಮೇಲೆ ಮೋಡ ಕಂಡರೆ ಯಾರು ಮುಚ್ಚುತ್ತಾರೆ, ಯಾರು ತೂರಿ ಮುಗಿಸೋಣ ಎಂದು ತೆರೆದೇ ಬಿಡುತ್ತಾರೆ, ಅದರ ಮೇಲಿಂದ ಅವರ ಮನಸ್ಸು ತಿಳಿಯುತ್ತದೆ. ಈ ಕಣದ ಮಾತನ್ನು ಮೀರ್ ಮದನನ ಬಾಯಲ್ಲಿ ಇಡೋಣವೆಂದು ಬಹಳ ಚಂದಕ್ಕೆ ಬರೆದಿದ್ದೆ.

ಅವಳು ಕಣ ನೋಡಿಲ್ಲವಂತೆ. "ನಿಮ್ಮ ಹಳ್ಳಿ ನನ್ನ ಬಾಯಲ್ಲಿ ಯಾಕೆ ಹಾಕ್ತೀರಿ?" ಎಂದಳು. ಟಾರ್ಪಾಲಿನ ಸಂಗತಿ ತನಗೆ ಬೇರೆ ಕಡೆಯಿಂದ ಗೊತ್ತು, ಮೈದಾನದಲ್ಲಿ ಅಡುಗೆ ಹೂಡಿದಾಗ ಮಳೆ ಬಂದರೆ ಅಪ್ಪ ಮೊದಲು ಯಾವುದನ್ನು ಮುಚ್ಚಿಸುತ್ತಾರೆಂದು ನೋಡಿದ್ದೇನೆ, ಅಷ್ಟು ಸಾಕು ಎಂದಳು. ತಾನು ಕೇಳಲಿರುವ ಪ್ರಶ್ನೆ ಏನೆಂದು ಮಾತ್ರ ಹೇಳಲಿಲ್ಲ. ನನ್ನಲ್ಲಿ ಹೇಳಿದರೆ ಮೇಷ್ಟ್ರಿಗೆ ತಲುಪುತ್ತದೆಂಬ ಅನುಮಾನ. (ಸುಳ್ಳಲ್ಲ. ನಾನೂ ಮೇಷ್ಟ್ರೂ ಸಂಜೆ ಒಟ್ಟಿಗೆ ತಿರುಗಾಡಲು ಹೋಗುತ್ತೇವೆ.)

ಹಾಗಾಗಿ, ಓದುಗರೇ, ಮುಂದಿನದರಲ್ಲಿ ನನ್ನ ಕೈವಾಡ ಏನೂ ಇಲ್ಲ. ಏನಾಗುತ್ತದೆಂದು ಗೊತ್ತಿಲ್ಲದೆಯೇ ನಾನೂ ಷಟರಿನಡಿ ಬಗ್ಗಿ ಒಳಗೆ ಹೋದೆ.

೬

ಆ ಭಾನುವಾರ ಕೊಲ್ಕತ್ತಾದಲ್ಲಿ ಮಳೆಯಿರಲಿಲ್ಲ. ಫ್ಯಾನುಗಳು ಬಿಸಿಗಾಳಿಯನ್ನೇ ತಿರುಗಿಸುತ್ತಿದ್ದವು. ಮಳೆ ಬಂದದ್ದು ಪದ್ಯದಲ್ಲಿ ಮಾತ್ರ. ಪ್ರಫುಲ್ಲಾ ಅವರು ಅದನ್ನು ಎಷ್ಟು ಚೆನ್ನಾಗಿ ಸುರಿಸಿದರೆಂದರೆ, ಬಾಗಿಲ ಬಳಿ ಕೂತವರೊಬ್ಬರು ಚಪ್ಪಲಿ ಒಳಗೆ ಎಳೆದುಕೊಂಡರು.

ಮೊದಲರ್ಧ ಎಂದಿನಂತೆ ಸಾಗಿತು. ಕ್ಲೈವ್ ಆದ ಶಂಕರಲಿಂಗ ಅವರು, ತಾನು ಬಂದದ್ದು ವ್ಯಾಪಾರಕ್ಕೆ, ಯುದ್ಧ ತಾನಾಗಿ ಕಾಲಿಗೆ ತೊಡರಿತು ಎಂದು ವಾದಿಸಿ ಚಪ್ಪಾಳೆ ಗಿಟ್ಟಿಸಿದರು. ಆಮೇಲೆ ಭಾಗವತರು ಎತ್ತಿದರು:

ಬಂದನೇ ಮದನನು ಬಿರುಗುಂಡು ತಾಗುತ್ತ
ತಂದರೆತ್ತುತಲವನ ಡೇರೆಯೊಳಗೆ

ಸುರಕ್ಷಾ ಬಂದು ಕುರ್ಚಿಯಲ್ಲಿ ಕೂತಳು. ನೀಲಿ ಕುರ್ತಾ, ಕೈಯಲ್ಲಿ ಏನೂ ಇಲ್ಲ. ನವಾಬ ಸಿರಾಜ, ಎಂದರೆ ಅವಳ ಅಪ್ಪ, ಗಾಯಗೊಂಡ ಸರದಾರನನ್ನು ಕಂಡು ಮರುಗಿದರು. ಆ ಮರುಕದಲ್ಲಿ ಪಾತ್ರ ಎಷ್ಟು, ಅಪ್ಪ ಎಷ್ಟು ಎಂದು ಹೇಳುವುದು ಕಷ್ಟ. ಕೊನೆಗೆ, ಮದನಾ, ನಿನ್ನ ಕಡೆಯ ಮಾತೇನಾದರೂ ಇದ್ದರೆ ಹೇಳಿ ಹಗುರಾಗು ಎಂದರು. ಇಲ್ಲಿ ಎರಡು ಮಾತು ಹೇಳಿ ಅವಳು ಸಾಯಬೇಕು. ಪ್ರಫುಲ್ಲಾ ಅವರು ಸಾವಿನ ಪದ್ಯಕ್ಕೆ ಗಂಟಲು ಸರಿಮಾಡಿಕೊಂಡರು.

"ಒಡೆಯಾ," ಅಂದಳು ಸುರಕ್ಷಾ, "ಸೇನಾಪತಿಗಳನ್ನು ಕರೆಸಿ. ಅವರನ್ನು ನೋಡಿ ಸಾಯುತ್ತೇನೆ."

ಪ್ರಸಂಗದಲ್ಲಿ ಇದಿಲ್ಲ. ಮೀರ್ ಜಾಫರ್ ಡೇರೆಗೆ ಬರುವುದು ಮದನ ಸತ್ತ ಮೇಲೆ, ಇತಿಹಾಸದಲ್ಲಿಯೂ ಹಾಗೇ. ಮೇಷ್ಟ್ರು ಹಾಗೆಂದು ಹೇಳಲು ಬಾಯಿ ತೆರೆದರು, ಮುಚ್ಚಿದರು. ಇತಿಹಾಸದಲ್ಲಿ ಹೀಗಿಲ್ಲ ಎಂದು ಮೀರ್ ಜಾಫರ್ ಹೇಗೆ ಹೇಳಿಯಾನು? ಹೇಳಿದರೆ ಪಾತ್ರ ಬಿಟ್ಟಂತೆ, ತಾಳ ಬಿದ್ದಂತೆ. ಹಯವದನರು ಒಂದು ಕ್ಷಣ ಮಗಳನ್ನು, ಒಂದು ಕ್ಷಣ ಮೇಷ್ಟ್ರನ್ನು ನೋಡಿದರು. ಆಮೇಲೆ ನವಾಬನ ಗತ್ತಿನಲ್ಲೇ, ಯಾರಲ್ಲಿ, ಸೇನಾಪತಿಯನ್ನು ಬರಮಾಡಿ ಎಂದುಬಿಟ್ಟರು.

ಮೀರ್ ಜಾಫರ್ ಬಂದರು. ಬಂದ ಮೇಲೆ ಮೇಷ್ಟ್ರು ಮೇಷ್ಟ್ರೇ. ಗಾಯಾಳುವಿಗೆ ಸಮಾಧಾನ ಹೇಳುವ ನೆಪದಲ್ಲಿ ತಮ್ಮ ವರ್ಷದ ವಾದವನ್ನೇ ಬಿಚ್ಚಿದರು. ಮಳೆ, ಪೆಟ್ಲುಪ್ಪು, ನೆನೆದ ಮದ್ದು, ಕಟುಕ, ತಾಯಂದಿರು. ಈ ಸಲ ಇನ್ನೊಂದನ್ನೂ ಸೇರಿಸಿದರು: ಮದನಾ, ನೀನು ನುಗ್ಗಿದೆ, ಬಿದ್ದೆ, ನಾನು ನಿಂತೆ, ಉಳಿಸಿದೆ, ನಮ್ಮಲ್ಲಿ ನವಾಬನಿಗೆ ಹೆಚ್ಚು ಕೊಟ್ಟವರು ಯಾರು? ಕೇಳುಗರು ತಲೆದೂಗಿದರು. ನಾನೂ ದೂಗಿದೆ, ಸುಳ್ಳು ಹೇಳುವುದಿಲ್ಲ.

ಈಗ ಸರದಿ ಸುರಕ್ಷಾಳದು. ಅವಳು ಆತುರಪಡಲಿಲ್ಲ. ಸಣ್ಣ ಸಣ್ಣ ಮಾತು, ಒಂದೊಂದನ್ನೂ ನೆಲಕ್ಕೆ ಊರಿ ನೋಡಿ ಆಮೇಲೆ ಮುಂದಿನದು.

"ಸೇನಾಪತಿಗಳೇ, ನನ್ನ ಮದ್ದು ನೆನೆಯಿತು. ಬೆಳಗಿನಿಂದ ನಾನು ಹೊಡೆಯುತ್ತಿದ್ದೆ. ಪೆಟ್ಟಿಗೆ ತೆರೆದಿತ್ತು. ಅದಕ್ಕೇ ನೆನೆಯಿತು. ನಿಮ್ಮದು ನೆನೆಯಿತೇ?"

ಮೇಷ್ಟ್ರು ನಕ್ಕರು. ನೆನೆಯದೆ ಇರುತ್ತದೆಯೇ, ಆಕಾಶಕ್ಕೆ ನಿನ್ನ ಮದ್ದು ಬೇರೆ, ನನ್ನ ಮದ್ದು ಬೇರೆಯೇ ಎಂದರು.

"ಹಾಗಾದರೆ ನಿಮ್ಮ ಪೆಟ್ಟಿಗೆಯೂ ತೆರೆದಿತ್ತು. ಮಳೆ ಬಂದದ್ದು ಮಧ್ಯಾಹ್ನ. ಬೆಳಗಿನಿಂದ ತೆರೆದಿಟ್ಟ ಒಣ ಮದ್ದಿನಿಂದ ಒಂದು ಗುಂಡು ಯಾಕೆ ಹಾರಲಿಲ್ಲ?"

ಮೇಷ್ಟ್ರ ನಗು ಹಾಗೇ ಇತ್ತು. ಆದರೆ ಬಲಗೈ ಮೊಣಕಾಲಿನ ಮೇಲೆ ಬಂದು ಕೂತಿತು. ಯೋಚನೆ ಬಂದಾಗ ಅವರು ಹಾಗೆ ಮಾಡುತ್ತಾರೆ. ತಪ್ಪಿ ಹೇಳಿದೆ ಎಂದರು. ಸೇನಾಪತಿಯಾದವನು ಮುಂದಾಲೋಚನೆಯಿಲ್ಲದೆ ಮದ್ದನ್ನು ತೆರೆದಿಡುವನೇ? ಮುಚ್ಚಿಯೇ ಇಟ್ಟಿದ್ದೆ.

"ಮುಚ್ಚಿಟ್ಟಿದ್ದರೆ ನೆನೆದಿಲ್ಲ," ಅಂದಳು ಸುರಕ್ಷಾ. "ನಿಮ್ಮಲ್ಲಿ ಒಣ ಮದ್ದು ಇದೆ. ಸೈನ್ಯ ಇದೆ. ನಾನು ಇನ್ನೂ ಸತ್ತಿಲ್ಲ. ಈಗ ಹೊಡೆಯಿರಿ."

ಇಷ್ಟೇ ಮಾತು. ಆಮೇಲೆ ಅವಳು ಸುಮ್ಮನಾದಳು.

ಆ ಮೌನವನ್ನು ನಿಧಾನವಾಗಿ ಬರೆಯಬೇಕು. ಫ್ಯಾನು ತಿರುಗುತ್ತಿತ್ತು. ಹೊರಗೆ ಯಾರೋ ನುಗ್ಗೆಕಾಯಿಗೆ ಬಂಗಾಳಿಯಲ್ಲಿ ಚೌಕಾಸಿ ಮಾಡುತ್ತಿದ್ದರು. ಮೇಷ್ಟ್ರು ಮೊಣಕಾಲು ನೋಡುತ್ತಿದ್ದರು. ಸುರಕ್ಷಾ ಮೇಷ್ಟ್ರನ್ನು ನೋಡುತ್ತಿದ್ದಳು. ಪ್ರಫುಲ್ಲಾ ಅವರು ನೋಡುತ್ತಿದ್ದದ್ದು ಮಗಳನ್ನು ಮಾತ್ರ. ಅವಳು ಚಿಕ್ಕವಳಿದ್ದಾಗಿನಿಂದ ಅವಳ ಅರ್ಧ ವಾಕ್ಯಗಳನ್ನೆಲ್ಲ ಪೂರ್ತಿ ಮಾಡಿದವರು ಅವರು; ನೆಂಟರ ಮುಂದೆ, ಫೋನಿನಲ್ಲಿ ಅಜ್ಜಿಯ ಮುಂದೆ, ಎಲ್ಲಿ ಕನ್ನಡ ನಿಂತರೂ ಅಲ್ಲಿ ತಾಯಿಯ ಮಾತು ಬಂದು ಆ ಜಾಗ ತುಂಬುತ್ತಿತ್ತು. ಹಿಂದಿನ ವರ್ಷವೂ ಮಗಳು ನಿಂತಲ್ಲೇ ನಿಂತಿರುವುದನ್ನು ನೋಡಲಾರದೆ ತಾಳ ಕುಟ್ಟಿದ್ದರು. ಈಗಲೂ ಅವರಿಗೆ ಕೇಳಿಸಿದ್ದು ಅದೇ ಮೌನ. ಮಗಳಿಗೆ ಮಾತು ನಿಂತಿತು, ಇನ್ನು ಕಾಯಿಸಬಾರದು ಎಂದು ತಾಳ ಮೇಲೆತ್ತಿದರು.

ತಾಳ ಬಿದ್ದರೆ ಮೀರ್ ಮದನ ಸತ್ತ. ಬಿದ್ದರೆ ಸುರಕ್ಷಾ ಎದ್ದಳು, ಎರಡನೆಯ ಸಲ.

ಅವಳು ತಾಯಿಯ ಕಡೆ ತಿರುಗಲೂ ಇಲ್ಲ. ಮೇಷ್ಟ್ರ ಮೇಲಿನ ಕಣ್ಣು ತೆಗೆಯದೆ ಹೇಳಿದಳು:

"ಭಾಗವತರೇ, ಈಗ ಮಾತು ನನ್ನದಲ್ಲ. ಅವರದು."

ಹುಟ್ಟಿದಂದಿನಿಂದ ಅಮ್ಮ ಎಂದಲ್ಲದೆ ಬೇರೆ ಹೆಸರಿನಲ್ಲಿ ಅವಳು ತಾಯಿಯನ್ನು ಕರೆದದ್ದು ಇದೇ ಮೊದಲು. ಪ್ರಫುಲ್ಲಾ ಅವರ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ನಾನು ಕಂಡದ್ದು: ಅವರು ಆ ತಾಳವನ್ನು ಕೆಳಗಿಳಿಸಲಿಲ್ಲ. ಎತ್ತಿದ ತಾಳ ಎತ್ತಿದಂತೆಯೇ, ಮುಖ ಮಾತ್ರ ಮಗಳ ಕಡೆಯಿಂದ ಮೇಷ್ಟ್ರ ಕಡೆಗೆ ತಿರುಗಿತು.

ಮೇಷ್ಟ್ರು ಆ ತಾಳವನ್ನು ನೋಡಿದರು. ಹಿಂದೆಂದೂ ಅದು ಅವರ ಮೇಲೆ ಎದ್ದದ್ದಿಲ್ಲ. ಅವರು ಪಾತ್ರ ಬಿಡಲಿಲ್ಲ, ಬಿಡುವವರೂ ಅಲ್ಲ. ಮೀರ್ ಜಾಫರನ ದನಿಯಲ್ಲಿ, ಆದರೆ ಮೀರ್ ಜಾಫರ್ ಎಂದೂ ಆಡದ ಮಾತನ್ನು ಆಡಿದರು.

"ಮದನಾ, ನನಗೆ ಒಂದು ವಾರ ಅವಕಾಶ ಕೊಡು."

ಆಗ ಬಿತ್ತು ಚಪ್ಪಾಳೆ. ಶಂಕರಲಿಂಗ ಅವರು ಕ್ಲೈವ್ ಎಂಬುದನ್ನು ಮರೆತು ಶಿಳ್ಳೆ ಹಾಕಿದರು. ನವಾಬ ಸಿರಾಜುದ್ದೌಲ ಪೇಟ ಬಿಚ್ಚಿ ಮುಖ ಒರೆಸಿಕೊಂಡರು. ಬೆವರು ಎಂದು ಆಮೇಲೆ ಹೇಳಿದರು. ಹೊರಗೆ ಚೌಕಾಸಿ ಮಾಡುತ್ತಿದ್ದವನು ಬಗ್ಗಿ ಒಳಗೆ ಇಣುಕಿ, ಯಾರು ಗೋಲ್ ಹೊಡೆದರು ಎಂದು ಕೇಳಿದ. ಯಾರೂ ಸುರಕ್ಷಾಳ ತಲೆ ಸವರಲಿಲ್ಲ. ಹಿಂದಿನ ಸಾಲಿನಿಂದ ಒಬ್ಬರು, ಮುಂದಿನ ವಾರ ಜಾಗ ಹಿಡಿಯಲು ಎಷ್ಟು ಹೊತ್ತಿಗೆ ಬರಬೇಕು ಎಂದು ಅವಳನ್ನೇ ಕೇಳಿದರು.

ಅವಳು ಕುರ್ಚಿಯಿಂದ ಏಳದೆ ಉತ್ತರ ಕೊಟ್ಟಳು.

೭

ಇಲ್ಲಿ ನಿಲ್ಲಿಸಬಹುದು. ಆದರೆ ಸುದ್ದಿ ತಿಳಿದದ್ದೇ ಎಲ್ಲರೂ ತಂತಮ್ಮ ಕೊನೆ ಹಿಡಿದುಕೊಂಡು ಬಂದಿದ್ದಾರೆ. ಬೇಕಾದ್ದು ಆರಿಸಿಕೊಳ್ಳಿ.

ಶಂಕರಲಿಂಗ ಅವರ ಕೊನೆ: "ನೋಡ್ರಿ, ನಾ ಮಾವಿನ ಗಿಡದ ಬುಡಕ ಮುಂಜಾನಿಂದ ಕುಂತೀನಿ. ಈ ಇಬ್ರೂ ವಾದ ಮುಗಸೂದಿಲ್ಲ. ನಂಗ ಬ್ಯಾಸರಾಗಿ ಮದ್ರಾಸಿಗೆ ಹೊಳ್ಳಿ ಹೊಕ್ಕೀನಿ ಅಂತ ಬರೀರಿ. ಇಂಡಿಯಾ ಉಳೀತು."

ಹಯವದನರ ಕೊನೆಯಲ್ಲಿ ಸಿರಾಜ ಗೆಲ್ಲುತ್ತಾನೆ. ಕೊಲ್ಕತ್ತಾಗೆ ಅವನಿಟ್ಟಿದ್ದ ಅಲಿನಗರ ಎಂಬ ಹೆಸರೇ ಉಳಿಯುತ್ತದೆ. ಹೋಟೆಲಿಗೆ ಅದರಿಂದ ತೊಂದರೆಯೇನೂ ಇಲ್ಲ, ಬೋರ್ಡು ಮಾತ್ರ ಹೊಸದು ಬರೆಸಬೇಕಾಗುತ್ತದೆ ಎಂದರು. ಗಂಭೀರವಾಗಿಯೇ ಹೇಳಿದರು.

ಬದರಿನಾಥ ಮೇಷ್ಟ್ರು ಫೋನು ಮಾಡಿ, ತಾವು ಸೋತಿಲ್ಲ, ಅವಕಾಶ ಕೇಳಿದ್ದು ಮಾತ್ರ, ಅದನ್ನು ಸ್ಪಷ್ಟವಾಗಿ ಬರೆಯಬೇಕು ಎಂದರು. (ಬರೆದಿದ್ದೇನೆ, ಮೇಷ್ಟ್ರೇ.) ಜೊತೆಗೆ ಒಂದು ಉತ್ತರವನ್ನೂ ಕೊಟ್ಟರು: ಮದ್ದು ಒಣಗಿತ್ತು ಮದನಾ, ನನ್ನ ಮನಸ್ಸು ಒದ್ದೆಯಾಗಿತ್ತು. ನನಗೆ ಮೈ ಜುಮ್ಮೆಂದಿತು. ಕೂಡಲೇ ಬರೆದು ಸುರಕ್ಷಾಗೆ ತೋರಿಸಿದೆ.

"ಇದು ಡೈಲಾಗ್," ಅಂದಳು. "ಆನ್ಸರ್ ಅಲ್ಲ."

ಅದನ್ನು ಮೇಷ್ಟ್ರಿಗೆ ಮುಟ್ಟಿಸಿದೆ. ಅವರು ಹೌದು ಎಂದು ಒಪ್ಪಿಕೊಂಡರು.

೮

ಮುಂದಿನ ಭಾನುವಾರ ಮೇಷ್ಟ್ರು ಹೊಸ ಉತ್ತರ ತಂದರು. ಸುರಕ್ಷಾ ಅದರ ಮೇಲೆ ಮತ್ತೊಂದು ಪ್ರಶ್ನೆ ಹಾಕಿದಳು. ಅದರ ಮುಂದಿನ ಭಾನುವಾರವೂ ಹಾಗೇ ಆಯಿತು. ಈಗ ಅವಳೂ ತಡವರಿಸುತ್ತಾಳೆ, ಮೇಷ್ಟ್ರೂ ತಡವರಿಸುತ್ತಾರೆ; ತಾಳ ಇಬ್ಬರ ನಡುವೆ ಎತ್ತಿಯೇ ಇರುತ್ತದೆ. ಮೀರ್ ಮದನನ ಮೈಯಲ್ಲಿ ಗುಂಡು, ಕೈಯಲ್ಲಿ ಕಾಫಿ. ಕ್ಲೈವ್ ಫ್ಯಾನಿನ ಕೆಳಗೆ ತೂಕಡಿಸುತ್ತಾನೆ. ಸಂಜೆಯ ದೋಸೆ ತಡವಾಗುತ್ತಿದೆ ಎಂದು ಗಿರಾಕಿಗಳ ದೂರು.

ನಾನು ಮಾತ್ರ ಕಷ್ಟಕ್ಕೆ ಸಿಕ್ಕಿದ್ದೇನೆ. ಕಥೆ ಕಳಿಸಬೇಕಾಗಿದೆ, ಮುಗಿಯುತ್ತಿಲ್ಲ. ಮೊನ್ನೆ ಸಂಜೆ ತಿರುಗಾಡುವಾಗ ಮೇಷ್ಟ್ರ ಬಳಿ ಮೆತ್ತಗೆ ಹೇಳಿದೆ: ಇತಿಹಾಸದ ಪ್ರಕಾರ ಆ ಮದನ ಸಾಯಬೇಕಲ್ಲ, ನೀವು ಹಿರಿಯರು, ಅವಳಿಗೆ ಹೇಳಿ ಒಂದು ಸಲ ಸಾಯಿಸಿಬಿಟ್ಟರೆ ನನ್ನ ಕಥೆಗೊಂದು ಕೊನೆ ಸಿಗುತ್ತದೆ.

ಮೇಷ್ಟ್ರು ರಾಸಬಿಹಾರಿ ರಸ್ತೆಯ ನಡುವೆಯೇ ನಿಂತುಬಿಟ್ಟರು. ಹಿಂದಿನ ಆಟೋದವನು ಬೈದುಕೊಂಡು ಹೋದ.

"ಅವಳು ಸತ್ತರೆ ನಾನು ಯಾರಿಗ್ರೀ ಉತ್ತರ ಹೇಳ್ಲಿ?" ಅಂದರು. "ಇಷ್ಟು ವರ್ಷ ಒಬ್ಬನೇ ಮಾತಾಡ್ದೆ ಕಣ್ರೀ ಅಲ್ಲಿ. ಎದುರಿಗೆ ಈಗ ಒಬ್ಬರು ಸಿಕ್ಕಿದ್ದಾರೆ. ನಿಮ್ಮ ಕಥೆ ಹಾಳಾಗ್ಲಿ ಬಿಡಿ."

ಕೊನೆಯ ಉಪಾಯವಾಗಿ ಪ್ರಫುಲ್ಲಾ ಅವರ ಬಳಿ ಹೋದೆ. ತಾಳಮದ್ದಳೆಗೆ ಮಂಗಳದ ಪದ್ಯವೊಂದಿದೆ; ಭಾಗವತರು ಅದನ್ನು ಹಾಡಿದರೆ, ಯಾರು ಸತ್ತಿರಲಿ ಬಿಡಲಿ, ಪ್ರಸಂಗ ಮುಗಿದಂತೆ. ಹಾಡದೆ ಬಿಡುವುದು ಅವರ ಊರಲ್ಲಿ ಒಳ್ಳೆಯದಲ್ಲವಂತೆ. ಆ ಭಯವನ್ನೇ ನೆನಪಿಸಿ, ಈ ಭಾನುವಾರ ಹಾಡಿಬಿಡಿ ಎಂದು ಕೇಳಿಕೊಂಡೆ.

ಅವರು ಮರುದಿನದ ಆರ್ಡರಿಗೆ ತೆಂಗಿನಕಾಯಿ ತುರಿಯುತ್ತಿದ್ದರು. ತುರಿಯುವುದನ್ನು ನಿಲ್ಲಿಸಲಿಲ್ಲ.

"ಮಂಗಳ ಹಾಡಿದ್ರೆ ಎಲ್ಲರೂ ಏಳ್ಬೇಕಲ್ಲ ಮಾರಾಯ್ರೆ," ಅಂದರು. "ಅವಳು ಈಗಷ್ಟೇ ಕೂತದ್ದು."